ಓದಿಗೂ ಬೇಕು ಮುಯ್ಯಾಳು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಎರಡು ಭಾಗವಾಗಿ ಕಟ್ಟಿದರು: ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿಗೆ ಇನ್ನೊಂದು. 2023ರ ಮಾರ್ಚ್ 12ರಂದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಅದರ ಉದ್ಘಾಟನೆಯೂ ಆಯಿತು. ಏರೋಸ್ಪೇಸ್ ಎಂಜಿನಿಯರಿಂಗ್ ಓದಬೇಕೆಂದು ಈ ಸೀಮೆಯಿಂದ ಹೊರಡುವ ಮಕ್ಕಳಿಗೆ ಬೆಂಗಳೂರು ಈಗ ಹತ್ತಿರವಾಗಿದೆ. ಆದರೆ ಇಲ್ಲಿನ ಪಿಯುಸಿ ತರಗತಿಗೂ ಅಲ್ಲಿನ ಮೂರನೆಯ ಸೆಮಿಸ್ಟರಿಗೂ ನಡುವಿನ ದೂರ ನಾನು ಓದಿದ ಕಾಲದಲ್ಲಿ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ.

ಈ ಓದಿನ ಕಷ್ಟವೆಲ್ಲ ಇರುವುದು ವಿಷಯಗಳ ಕೊಂಡಿಯಲ್ಲಿ. ಮೊದಲ ವರ್ಷದ ಗಣಿತದಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಅರೆಬರೆ ತಿಳಿದಿದ್ದರೆ ಆಗ ಏನೂ ಆಗುವುದಿಲ್ಲ; ಹೇಗೋ ಪಾಸಾಗಿಬಿಡಬಹುದು. ಮುಂದೆ ವಿಮಾನದ ಸ್ಥಿರತೆಯ ಪಾಠ ಬಂದಾಗ ಅದು ಎದುರಿಗೆ ನಿಲ್ಲುತ್ತದೆ. ಗಾಳಿಯ ಹೊಡೆತಕ್ಕೆ ಮೂತಿ ಎತ್ತಿದ ವಿಮಾನ ತಾನಾಗಿ ಸಮಕ್ಕೆ ಬರುತ್ತದೋ ಇಲ್ಲವೋ ಎಂದು ಹೇಳಬೇಕಾದ್ದು ಅದೇ ಈಕ್ವೇಷನ್. ಥರ್ಮೋಡೈನಮಿಕ್ಸ್ ಬಿಟ್ಟವರಿಗೆ ಜೆಟ್ ಎಂಜಿನ್ ಅರ್ಥವಾಗದು, ಫ್ಲೂಯಿಡ್ ಮೆಕ್ಯಾನಿಕ್ಸ್ ಬಿಟ್ಟವರಿಗೆ ಏರೋಡೈನಮಿಕ್ಸ್. ಇದರ ಮೇಲೆ ಲ್ಯಾಬ್ ರೆಕಾರ್ಡು, ಅಸೈನ್‌ಮೆಂಟು, ಇಂಟರ್ನಲ್ಸು. ಒಂದು ಬಾಕಿ ಇನ್ನೆರಡನ್ನು ಹುಟ್ಟಿಸುತ್ತದೆ.

ಆಗ ನಮ್ಮ ಕಡೆಯ ಮಕ್ಕಳಿಗೆ ತೋಚುವುದು ಒಂದೇ, ಇನ್ನಷ್ಟು ದುಡಿಯುವುದು. ಬೆಳಗಿನ ಜಾವ ಎದ್ದು ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದ, ರಾತ್ರಿ ಕರೆಂಟು ಬಂದ ಹೊತ್ತಿಗೆ ಹೋಗಿ ಕಬ್ಬಿಗೆ ನೀರು ಕಟ್ಟಿದ ಮನೆಗಳಿಂದ ಬಂದವರಿಗೆ ನಿದ್ದೆಗೆಡುವುದು ಹೊಸದಲ್ಲ. ಹೊಲದಲ್ಲಿ ಒಂದು ಗಂಟೆ ಹೆಚ್ಚು ದುಡಿದರೆ ಒಂದು ಸಾಲು ಹೆಚ್ಚು ಮುಗಿಯುತ್ತದೆ. ಆ ಲೆಕ್ಕವನ್ನೇ ನಾವು ಹಾಸ್ಟೆಲ್ ಕೋಣೆಗೂ ತರುತ್ತೇವೆ.

ವಿಚಿತ್ರವೆಂದರೆ, ನಾವು ಓದುವ ಪಾಠವೇ ಆ ಲೆಕ್ಕ ಎಲ್ಲ ಕಡೆ ನಡೆಯದು ಎನ್ನುತ್ತದೆ. ರೆಕ್ಕೆಯನ್ನು ಎದುರುಗಾಳಿಗೆ ಹೆಚ್ಚು ಓರೆ ಮಾಡಿದಷ್ಟೂ ಅದು ಎತ್ತುವ ಬಲ ಹೆಚ್ಚುತ್ತದೆ. ಆದರೆ ಸಾಮಾನ್ಯ ರೆಕ್ಕೆಯಲ್ಲಿ 15 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ. ಅಲ್ಲಿಂದಾಚೆ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಹೋಗುತ್ತದೆ, ಬಲ ಕುಸಿಯುತ್ತದೆ. ಇದೇ ಸ್ಟಾಲ್. ಬೀಳುತ್ತಿರುವಾಗ ಮೂತಿಯನ್ನು ಮೇಲಕ್ಕೆಳೆಯಬೇಕು ಅನ್ನಿಸುವುದು ಸಹಜ. ಎಳೆದರೆ ಸ್ಟಾಲ್ ಇನ್ನೂ ಬಲವಾಗುತ್ತದೆ. ಪೈಲಟ್ ಮೊದಲು ಮೂತಿ ತಗ್ಗಿಸಬೇಕು. ಈ ಉತ್ತರವನ್ನು ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದವರೇ ಅವತ್ತು ಇಡೀ ರಾತ್ರಿ ಕೂತು ಮರುದಿನದ ಪೇಪರನ್ನು ಕೆಡಿಸಿಕೊಂಡದ್ದನ್ನು ನೋಡಿದ್ದೇನೆ.

ಹಾಗಾದರೆ ಓದಿನಲ್ಲಿ ಮೂತಿ ತಗ್ಗಿಸುವುದು ಎಂದರೇನು? ಕಡಿಮೆ ಓದುವುದೇ? ಕಡಿಮೆ ಓದಿದರೆ ಕೊಂಡಿ ಕಳಚುತ್ತದೆ. ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಉತ್ತರ ನಮ್ಮೂರ ಕಡೆಯ ಬೇಸಾಯದಲ್ಲೇ ಇತ್ತು. ಭತ್ತದ ನಾಟಿಗಾಗಲಿ ರಾಗಿ ಕೊಯ್ಲಿಗಾಗಲಿ ಯಾವ ಮನೆಯವರೂ ತಾವಷ್ಟೇ ಇಳಿಯುತ್ತಿರಲಿಲ್ಲ. ಮುಯ್ಯಾಳುಗಳು ಬರುತ್ತಿದ್ದರು. ಅವರ ಗದ್ದೆ ಹದವಾದ ದಿನ ಇವರು ಹೋಗುತ್ತಿದ್ದರು. ಕೂಲಿ ಇರಲಿಲ್ಲ, ಋಣ ಇತ್ತು. ಅದನ್ನು ಯಾರೂ ಕೈಲಾಗದತನ ಎಂದುಕೊಳ್ಳಲಿಲ್ಲ. ಹದ ಇರುವುದು ಕೆಲವೇ ದಿನ, ಅಷ್ಟರಲ್ಲಿ ಕೆಲಸ ಮುಗಿಯಬೇಕು. ಆ ಒತ್ತಡವೇ ಅಂಥ ಏರ್ಪಾಡನ್ನು ಉಳಿಸಿತ್ತು. ಸೆಮಿಸ್ಟರಿನ ಒತ್ತಡವೂ ಅದೇ ಜಾತಿಯದು. ಓದಲು ಹೊರಟಾಗ ಮಾತ್ರ ನಾವು ದುಡಿಮೆಯನ್ನು ಗಂಟುಕಟ್ಟಿಕೊಂಡು, ಮುಯ್ಯಿಯನ್ನು ಊರಲ್ಲೇ ಬಿಟ್ಟು ಹೋಗುತ್ತೇವೆ.

ಬಿಟ್ಟುಹೋಗಲು ಕಾರಣ ನಾಚಿಕೆ. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡುವ ಸಹಪಾಠಿಯನ್ನು ಕೇಳಿದರೆ ತನ್ನ ಅಜ್ಞಾನ ಬಯಲಾಗುತ್ತದೆಂಬ ಭಯ. ‘ನಮ್ಮೂರ ಹುಡುಗಿ ವಿಮಾನ ಮಾಡೋದು ಓದ್ತಾಳೆ’ ಎಂದು ಊರು ಹೆಮ್ಮೆಪಡುವಾಗ, ಇಂಟರ್ನಲ್ಸಿನಲ್ಲಿ ಹಿಂದೆಬಿದ್ದೆ ಎಂದು ಹೇಳಲು ಬಾಯಿ ಬರುವುದಿಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮನೆಯಾದರೆ ಇನ್ನೂ ಕಷ್ಟ. ನನಗೆ ಅನ್ನಿಸುವಂತೆ ಪಠ್ಯದ ಭಾರಕ್ಕಿಂತ ಈ ಭಾರವೇ ಹೆಚ್ಚು ಮಕ್ಕಳನ್ನು ಕುಗ್ಗಿಸುತ್ತದೆ.

ಓದಿನ ಮುಯ್ಯಿ ಸರಳ. ಸ್ಟ್ರಕ್ಚರ್ಸ್ ತಿಳಿದವರು ಬೆಂಡಿಂಗ್ ಮೊಮೆಂಟನ್ನು ಕನ್ನಡದಲ್ಲೇ ಬಿಡಿಸಿ ಹೇಳಲಿ. ಥರ್ಮೋಡೈನಮಿಕ್ಸ್ ತಿಳಿದವರು ಮುಂದಿನ ವಾರ ಅದನ್ನು ತೀರಿಸಲಿ. ಹೇಳಿಕೊಡುವಾಗ ನಮಗೆ ಗೊತ್ತಿಲ್ಲದ್ದು ಎಲ್ಲಿದೆ ಎಂದು ತಕ್ಷಣ ಗೊತ್ತಾಗುತ್ತದೆ, ಮರು ಓದಿನ ಅರ್ಧ ಸಮಯ ಅಲ್ಲೇ ಉಳಿಯುತ್ತದೆ. ರೆಕಾರ್ಡನ್ನು ನಕಲು ಮಾಡಲು ಕೊಡುವುದನ್ನು ನಾನು ಮುಯ್ಯಿ ಎನ್ನುವುದಿಲ್ಲ; ಅಲ್ಲಿ ಗದ್ದೆ ನಾಟಿಯಾಗುವುದೇ ಇಲ್ಲ.

ಈ ವಿದ್ಯೆ ಒಬ್ಬರ ತಲೆಗೆ ಹಿಡಿಸುವಂಥದ್ದೂ ಅಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್‌ ಯುದ್ಧವಿಮಾನದ ಹಿಂದೆ ಎಡಿಎ, ಎಚ್‌ಎಎಲ್, ಎನ್‌ಎಎಲ್ ಹೀಗೆ ಹಲವು ಸಂಸ್ಥೆಗಳ ದುಡಿಮೆ ಇತ್ತು. ಹಾರಾಟ ನಿಯಂತ್ರಣದ ಸೂತ್ರಗಳು ಒಂದು ತಂಡದ್ದು, ಕಾಂಪೋಸಿಟ್ ಭಾಗಗಳು ಇನ್ನೊಂದರದ್ದು. ನಾಳೆ ಸೇರಬೇಕಾದ ಕೆಲಸವೇ ಹೀಗಿರುವಾಗ, ನಾಲ್ಕು ವರ್ಷ ಒಬ್ಬರೇ ಹೊರುವುದನ್ನು ಅಭ್ಯಾಸ ಮಾಡಿ ಏನು ಪ್ರಯೋಜನ?

ಕನ್ನಡದಲ್ಲಿ ವಿಜ್ಞಾನ ತಿಳಿಯುವುದನ್ನು ಕೀಳೆಂದುಕೊಳ್ಳುವವರು ರೊದ್ದಂ ನರಸಿಂಹ ಅವರ ಮನೆಯನ್ನು ನೆನೆಯಬೇಕು. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರಕ್ಕೆ ಹೊರಳಿ, ಕ್ಯಾಲ್ಟೆಕ್‌ನಲ್ಲಿ 1961ರಲ್ಲಿ ಪಿಎಚ್‌ಡಿ ಪಡೆದವರು ಅವರು. ಅವರ ತಂದೆ ಆರ್. ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಬರೆದವರು.

ಈ ಓದಿಗೆ ಮಕ್ಕಳನ್ನು ಕಳಿಸಿದ ನಿಡಘಟ್ಟ, ಮದ್ದೂರು, ಮಳವಳ್ಳಿ ಕಡೆಯ ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ. ಫೋನ್ ಮಾಡಿದಾಗ ಅಂಕ ಎಷ್ಟು ಬಂತು ಎಂದು ಮೊದಲು ಕೇಳಬೇಡಿ. ಯಾರ ಜೊತೆ ಕೂತು ಓದುತ್ತಿದ್ದೀಯ ಎಂದು ಕೇಳಿ. ‘ಒಬ್ಬನೇ’ ಎಂಬ ಉತ್ತರ ಬಂದರೆ, ಮುಂದಿನ ರಜೆಗೆ ಜೊತೆಗಾರರನ್ನೂ ಮನೆಗೆ ಕರೆತರಲು ಹೇಳಿ.