ಹಗ್ಗ ಹಿಡಿದ ಕೈ

ನೀರಿಗಿಳಿಯದೆ ಈಜು ಬಾರದು; ಈಜು ಬಾರದೆ ನೀರಿಗಿಳಿಯಬಾರದು. ಈ ಇಕ್ಕಟ್ಟಿಗೆ ನಮ್ಮ ಹಿರಿಯರು ಊರ ಬಾವಿಯಲ್ಲೇ ಉತ್ತರ ಕಂಡುಕೊಂಡಿದ್ದರು. ಹುಡುಗನ ಬೆನ್ನಿಗೆ ಬೆಂಡು, ಸೊಂಟಕ್ಕೆ ಹಗ್ಗ. ಹಗ್ಗದ ತುದಿ ಮೇಲೆ ನಿಂತ ಅಪ್ಪನ ಕೈಯಲ್ಲಿ.

ಮುಂಬಯಿಗೆ ಬಂದ ನಮಗೆ ಬಾವಿ ತಪ್ಪಿತು, ಸಮುದ್ರ ಸಿಕ್ಕಿತು. ಆದರೆ ನಮ್ಮ ಪಾಲಿಗೆ ಸಮುದ್ರವೆಂದರೆ ಚೌಪಾಟಿಯ ಭೇಲ್‌ಪುರಿ, ಗಣಪತಿಯ ವಿಸರ್ಜನೆ, ಅಷ್ಟೇ. ಹುಡುಗರಿಗೆ ದೋಣಿ, ಹುಟ್ಟು, ಹಗ್ಗದ ಗಂಟುಗಳನ್ನು ಕಲಿಸುವ ಸೀ ಸ್ಕೌಟ್, ಸೀ ಕೆಡೆಟ್‌ಗಳಂಥ ದಳಗಳಿದ್ದರೂ ನಾವು ಅತ್ತ ನೋಡಿದವರಲ್ಲ. ಮಗ ಒಮ್ಮೆ ಅಂಥದೊಂದು ದಳದ ಅರ್ಜಿ ತಂದಾಗ, “ಓದು ಕೆಡುತ್ತದೆ” ಎಂದು ಪಕ್ಕಕ್ಕಿಟ್ಟೆವು. ಓದು ಬರಿಯ ನೆಪ, ಒಳಗಿದ್ದುದು ಭಯ. ಸತ್ಯ ನುಡಿಯೆಂದು ಮಗನಿಗೆ ಬೋಧಿಸುವ ನಾವೇ ಸುಳ್ಳಾಡಿದೆವು.

ಭಯವೇನೂ ನಿರಾಧಾರವಲ್ಲ. 1912ರ ಆಗಸ್ಟ್ 4ರಂದು ಇಂಗ್ಲೆಂಡಿನ ಲೇಸ್‌ಡೌನ್ ಬಳಿ ಬಿರುಗಾಳಿಗೆ ಸಿಕ್ಕಿ ಲಂಡನ್ನಿನ ಸೀ ಸ್ಕೌಟ್ ದೋಣಿ ಮಗುಚಿತು; ಒಂಬತ್ತು ಬಾಲಕರು ಮುಳುಗಿದರು. ಅವರ ಶವಗಳನ್ನು ನೌಕಾಪಡೆಯ ಹಡಗಿನಲ್ಲಿ ಲಂಡನ್ನಿಗೆ ತರಲಾಯಿತು. ಆದರೂ ಸೀ ಸ್ಕೌಟ್ ಚಳವಳಿ ನಿಲ್ಲಲಿಲ್ಲ. ಇದು ಕಲ್ಲೆದೆಯೇ?

ನಮ್ಮ ಕಡೆಯ ಲೆಕ್ಕವನ್ನೂ ನೋಡೋಣ. 1947ರ ಜುಲೈ 17ರಂದು ಭಾವುಚಾ ಧಕ್ಕೆಯಿಂದ ರೇವಸಿಗೆ ಹೊರಟ ‘ರಾಮದಾಸ್’ ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವರು ಸಾಹಸಕ್ಕೆ ಹೋದವರಲ್ಲ, ಟಿಕೆಟ್ ಕೊಂಡ ಪ್ರಯಾಣಿಕರು. 2024ರ ಡಿಸೆಂಬರಿನಲ್ಲಿ ಎಲಿಫೆಂಟಾ ದಾರಿಯ ‘ನೀಲ್‌ಕಮಲ್’ ಮುಳುಗಿದಾಗಲೂ ಹಾಗೆಯೇ. ಮನೆಯಲ್ಲಿ ಕಟ್ಟಿಹಾಕಿದ ಮಾತ್ರಕ್ಕೆ ಮಗ ನೀರಿನಿಂದ ದೂರವಾಗುವುದಿಲ್ಲ. ನೀರು ಎದುರಾದ ದಿನ ಅಸಹಾಯಕನಾಗಿರುತ್ತಾನೆ, ಅಷ್ಟೆ.

ಇನ್ನೊಂದು ಮಾತು. ನಾವು ಲಾಂಚ್ ಹತ್ತುವಾಗ ಆಪತ್ತಿಗೆ ಧುಮುಕಬಲ್ಲ ಯಾರದೋ ಮಗ ಅಲ್ಲಿರಲಿ ಎಂದು ಬಯಸುತ್ತೇವೆ. ಆ ‘ಯಾರದೋ ಮಗ’ ನಮ್ಮವನಾಗಬಾರದೆಂದರೆ ಅದು ಯಾವ ನ್ಯಾಯ?

ಹಾಗೆಂದು ಕಣ್ಣುಮುಚ್ಚಿ ಸಹಿ ಹಾಕುವುದೂ ಪ್ರೀತಿಯಲ್ಲ. ಪ್ರತಿ ಹುಡುಗನಿಗೂ ಲೈಫ್ ಜಾಕೆಟ್ ಉಂಟೆ? ಮೊದಲು ಈಜು ಕಲಿಸುವರೆ? ಗಾಳಿ ಎದ್ದರೆ “ಇಂದು ಬೇಡ” ಎನ್ನುವವರು ಯಾರು? ಇದನ್ನೆಲ್ಲ ಕೇಳಿ, ಕಣ್ಣಾರೆ ಕಂಡ ಮೇಲೆಯೇ ನಾವು ಸಹಿ ಹಾಕಿದೆವು. ಮಗನಿಗೆ ಹಿಂದಿನ ನೆಪದ ನಿಜವನ್ನೂ ಹೇಳಿದೆವು. ಅವನು ನಕ್ಕ, ಅವನಿಗದು ಮೊದಲೇ ಗೊತ್ತಿತ್ತು.

ಅಪ್ಪ ಅಂದು ಹಗ್ಗ ಹಿಡಿದದ್ದು ನಮ್ಮನ್ನು ಮೇಲೆಳೆದು ಕೂರಿಸಲಿಕ್ಕಲ್ಲ; ಧೈರ್ಯವಾಗಿ ನೀರಿಗಿಳಿಯಲೆಂದು.