ಸುಪ್ತನೂ ಆಹ್ವಾನವೂ

ಮಲಗಿದವನು ಎಚ್ಚರಗೊಳ್ಳುವುದು ಕೂಗುವವನ ಶಕ್ತಿಯಿಂದಲೋ, ಕೇಳುವವನ ಯೋಗ್ಯತೆಯಿಂದಲೋ? ಗುರುವಿನ ಮಾತು ಒಬ್ಬನಿಗೆ ತಾಗಿ, ಅದೇ ಸನ್ನಿಧಿಯಲ್ಲಿ ಕುಳಿತ ಇನ್ನೊಬ್ಬನಿಗೆ ತಾಗದೆ ಹೋಗುವುದೇಕೆಂಬ ಪುರಾತನ ಜಿಜ್ಞಾಸೆಯ ಬೇರು ಇರುವುದು ಇಲ್ಲಿಯೇ. ಲೋಣಾವಳಾದ ನಮ್ಮ ಮನೆಯ ಕಂಪ್ಯೂಟರು, ಅದರ ಆಪರೇಟಿಂಗ್ ಸಿಸ್ಟಂ ಅಪ್‌ಡೇಟಾದ ತರುವಾಯ, ಬೆಂಗಳೂರಿನಲ್ಲಿದ್ದ ನನ್ನ ಕರೆಗೆ ಏಳದಾದಾಗ ಈ ಪ್ರಶ್ನೆ ಬೇರೊಂದು ವೇಷದಲ್ಲಿ ನನ್ನೆದುರು ನಿಂತಿತು. ಯಂತ್ರವನ್ನು ಮುಂದಿಟ್ಟುಕೊಂಡು ಆತ್ಮವಿಚಾರ ಮಾಡುವುದು ಅಪಚಾರವೆಂದು ಕೆಲವರಿಗೆ ತೋರಬಹುದು. ಆದರೆ 1924ರಲ್ಲಿ ಇದೇ ಊರಿನಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಯೋಗವನ್ನೇ ಪ್ರಯೋಗಶಾಲೆಯ ಉಪಕರಣಗಳಿಂದ ಪರೀಕ್ಷಿಸಲು ಹಿಂಜರಿಯಲಿಲ್ಲ.

ಯಂತ್ರವು ಮಲಗಿದಾಗ ಅದರ ಸರ್ವಾಂಗವೂ ಮಲಗುವುದಿಲ್ಲ. ಪರದೆ ಆರಿ, ಫ್ಯಾನು ನಿಂತು, ಪ್ರೊಸೆಸರು ನಿಶ್ಚೇಷ್ಟವಾದ ಮೇಲೆಯೂ 5 ವೋಲ್ಟಿನ ಕ್ಷೀಣ ವಿದ್ಯುದ್ಧಾರೆಯೊಂದು ಒಳಗೆ ಹರಿಯುತ್ತಲೇ ಇದ್ದು, ನೆಟ್‌ವರ್ಕ್ ಕಾರ್ಡನ್ನು ಜಾಗೃತವಾಗಿ ಇರಿಸಿರುತ್ತದೆ. ಎಬ್ಬಿಸುವ ಸಂದೇಶಕ್ಕೆ ಮ್ಯಾಜಿಕ್ ಪ್ಯಾಕೆಟ್ ಎಂದು ಹೆಸರು. 1990ರ ದಶಕದಲ್ಲಿ ಎಎಂಡಿ ಕಂಪನಿ ಇದನ್ನು ರೂಪಿಸಿತು. ಅದರ ಮೊದಲ 6 ಬೈಟುಗಳು ಕೇವಲ ಘೋಷ. ಆಮೇಲೆ, ಯಾವ ಯಂತ್ರವು ಏಳಬೇಕೋ ಅದರ ಕಾರ್ಡಿಗೆ ಹುಟ್ಟಿನಿಂದ ಬಂದ 6 ಬೈಟುಗಳ ವಿಳಾಸವು 16 ಸಲ ಆವೃತ್ತಿಗೊಳ್ಳುತ್ತದೆ. ಒಟ್ಟು 102 ಬೈಟುಗಳ ಈ ಕರೆಯಲ್ಲಿ ಬೇರೆ ಅರ್ಥವಿಲ್ಲ, ಬೋಧೆಯಿಲ್ಲ, ಆಜ್ಞೆಯೂ ಇಲ್ಲ, ಇರುವುದು ನಾಮಜಪವೊಂದೇ. ಮನೆಯ ಜಾಲದಲ್ಲಿರುವ ಸಕಲ ಸಾಧನಗಳಿಗೂ ಅದು ಮುಟ್ಟುತ್ತದೆ, ತನ್ನ ಹೆಸರನ್ನು ಗುರುತಿಸಿದ್ದು ಮಾತ್ರ ಏಳುತ್ತದೆ.

ನನ್ನ ಕರೆ ಮನೆಯ ರೌಟರನ್ನು ತಲುಪಿತ್ತು, ವಿಳಾಸವು ಸರಿಯಾಗಿತ್ತು, ನೆರೆಮನೆಯವರು ಹೋಗಿ ನೋಡಿದಾಗ ಕಾರ್ಡಿನ ಹಸುರು ದೀಪವೂ ಮಿನುಗುತ್ತಿತ್ತು. ಆದರೂ ಯಂತ್ರ ಏಳಲಿಲ್ಲ. ಬೃಹದಾರಣ್ಯಕದ ಎರಡನೆಯ ಅಧ್ಯಾಯದಲ್ಲಿ ಬರುವ ಕಾಶಿಯ ಅಜಾತಶತ್ರುವಿನ ಪ್ರಸಂಗವನ್ನು ನಾನು ಹಿಂದೆ ಹಲವು ಬಾರಿ ಓದಿದ್ದರೂ, ಅದರ ಬಿಗಿ ನನಗೆ ಅರಿವಾದದ್ದು ಆಗಲೇ. ವಿದ್ಯಾಗರ್ವಿತನಾದ ಗಾರ್ಗ್ಯ ಬಾಲಾಕಿಯನ್ನು ರಾಜನು ಕೈಹಿಡಿದು ಮಲಗಿದ್ದವನೊಬ್ಬನ ಬಳಿಗೆ ಕರೆದೊಯ್ದು, ಸೋಮನೆಂದೂ ರಾಜನೆಂದೂ ಶ್ವೇತವಸನನೆಂದೂ ದೊಡ್ಡ ದೊಡ್ಡ ನಾಮಗಳಿಂದ ಕೂಗುತ್ತಾನೆ, ಮಲಗಿದವನು ಮಿಸುಕುವುದಿಲ್ಲ. ಆ ಹೆಸರುಗಳು ಪ್ರಾಣದೇವತೆಯವು, ಪ್ರಾಣವಾದರೋ ನಿದ್ರೆಯಲ್ಲಿಯೂ ಎಚ್ಚತ್ತೇ ಇರತಕ್ಕದ್ದು. ಆದರೂ ಓಗೊಡದ ಕಾರಣ ಪ್ರಾಣವು ಈ ದೇಹದ ಒಡೆಯನಲ್ಲವೆಂದು ಶಂಕರಾಚಾರ್ಯರು ಅಲ್ಲಿ ನಿರ್ಣಯಿಸುತ್ತಾರೆ. ಹಸುರು ದೀಪವನ್ನು ಕಂಡು ಯಂತ್ರವೇ ಎಚ್ಚತ್ತಿದೆಯೆಂದು ಭಾವಿಸುವವನು ಬಾಲಾಕಿಯ ಭ್ರಾಂತಿಯಲ್ಲಿಯೇ ಇರುವವನು. ಕಡೆಗೆ ಅಜಾತಶತ್ರು ಕೈಯಿಂದ ಅದುಮಿ ಅಲುಗಿಸಿದಾಗ ಆ ಮನುಷ್ಯನೇನೋ ಎದ್ದನು. ನಮ್ಮ ಯಂತ್ರವೂ ನೆರೆಯವರು ಗುಂಡಿ ಒತ್ತಿದಾಗ ಎದ್ದಿತು.

ಎದ್ದದ್ದು ಹಳೆಯದೇ ಯಂತ್ರವೋ, ಅಪ್‌ಡೇಟಿನ ತರುವಾಯದ ಬೇರೊಂದೋ? ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಬಾದರಾಯಣರು ಇದನ್ನೇ ಮನುಷ್ಯನ ವಿಷಯದಲ್ಲಿ ವಿಚಾರಿಸುತ್ತಾರೆ. ಜಲರಾಶಿಯಲ್ಲಿ ಬಿದ್ದ ಹನಿಯನ್ನೇ ಮತ್ತೆ ಎತ್ತುವುದು ಹೇಗೆ ಅಸಾಧ್ಯವೋ ಹಾಗೆ ಸುಷುಪ್ತಿಯಲ್ಲಿ ಬ್ರಹ್ಮದೊಡನೆ ಒಂದಾದ ಜೀವನೇ ತಿರುಗಿ ಬರುತ್ತಾನೆಂಬ ನಿಯಮವೆಲ್ಲಿಯದೆಂಬುದು ಆಕ್ಷೇಪ. ಅರ್ಧಕ್ಕೆ ನಿಂತ ಕರ್ಮವನ್ನು ಅವನೇ ಮುಂದುವರಿಸುವುದರಿಂದ, ಹಿಂದಿನದನ್ನು ತನ್ನದೆಂದು ಸ್ಮರಿಸುವುದರಿಂದ, ಶ್ರುತಿಯಿಂದ, ವಿಧಿಯಿಂದ ಅವನೇ ಇವನೆಂಬುದು ಸಮಾಧಾನ. ಈ ಪರೀಕ್ಷೆಯ ಮೊದಲೆರಡು ಭಾಗಗಳಲ್ಲಿ ನಮ್ಮ ಯಂತ್ರ ತೇರ್ಗಡೆಯಾಯಿತು: ಅರ್ಧ ಬರೆದಿದ್ದ ಪತ್ರ ನಿಂತ ಸಾಲಿನಲ್ಲಿಯೇ ತೆರೆದುಕೊಂಡಿತು, ಹಳೆಯ ಕಡತಗಳೆಲ್ಲ ಸ್ವಸ್ಥಾನದಲ್ಲಿದ್ದುವು. ನಷ್ಟವಾದದ್ದು ಸ್ಮೃತಿಯಲ್ಲ, ಸ್ವರೂಪವೂ ಅಲ್ಲ; ಮಲಗಿರುವಾಗ ಕರೆಗೆ ಓಗೊಡುವ ಸಿದ್ಧತೆಯೊಂದೇ. ಎದ್ದವನು ಅವನೇ ಹೌದೆಂದು ಸೂತ್ರವು ಸ್ಥಾಪಿಸುತ್ತದೆ. ಅವನು ಮುಂದಿನ ಸಲ ಕರೆದಾಗ ಏಳುವನೋ ಇಲ್ಲವೋ ಎಂಬುದು ಅದರ ವಿಷಯವಲ್ಲ. ಅದಕ್ಕೆ ಉತ್ತರವನ್ನು ನಾನು ಬೇರೆಡೆ ಹುಡುಕಬೇಕಾಯಿತು.

ಲೋಣಾವಳಾಕ್ಕೆ ಸಮೀಪದ ಕಾರ್ಲೆಯ ಬೆಟ್ಟದಲ್ಲಿರುವ ಮಹಾಚೈತ್ಯವನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಶಾಸನ ಸಾರುತ್ತದೆ. ವೈಜಯಂತಿಯನ್ನು ವಿದ್ವಾಂಸರು ನಮ್ಮ ಬನವಾಸಿಯೆಂದು ಗುರುತಿಸಿರುವುದರಿಂದ, ಆ ಶಿಲಾಗೃಹದಲ್ಲಿ ನಿಂತ ಕನ್ನಡಿಗನಿಗೆ ಪರಸ್ಥಳದ ಭಾವ ಬರುವುದಿಲ್ಲ. ಅಲ್ಲಿಯ ಭಿಕ್ಷುಗಳು ಮಹಾಸಾಂಘಿಕರು, ಕ್ರಿ.ಶ. 5ನೆಯ ಶತಮಾನದಲ್ಲಿ ಸಿಂಹಳದಲ್ಲಿ ಬುದ್ಧಘೋಷನು ರಚಿಸಿದ ವಿಸುದ್ಧಿಮಗ್ಗವಾದರೋ ಬೇರೊಂದು ಪರಂಪರೆಯದು. ಆದರೂ ಕಾರ್ಲೆಯ ಕಿರುಕೋಣೆಗಳನ್ನು ನೋಡುವಾಗ ನನಗೆ ನೆನಪಾಗುವುದು ಆ ಗ್ರಂಥದ ಕೊನೆಯಲ್ಲಿ ಬರುವ ನಿರೋಧಸಮಾಪತ್ತಿಯ ವಿವರಣೆ. ಮಾತು, ಉಸಿರು, ಚಿತ್ತ ಎಲ್ಲವೂ ಏಳು ದಿನಗಳ ತನಕ ಸ್ತಬ್ಧವಾಗುವ ಈ ಸ್ಥಿತಿಗೂ ಮರಣಕ್ಕೂ ಇರುವ ಭೇದವೆಂದರೆ, ಇದರಲ್ಲಿ ಆಯುಸ್ಸೂ ದೇಹದ ಕಾವೂ ಉಳಿದಿರುತ್ತವೆ. ಅದನ್ನು ಪ್ರವೇಶಿಸುವ ಮುನ್ನ ಭಿಕ್ಷುವು ನಾಲ್ಕನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು: ತನ್ನ ವಶದಲ್ಲಿರುವ ಪರರ ವಸ್ತುಗಳಿಗೆ ಹಾನಿಯಾಗದಿರಲಿ, ಸಂಘವು ತನ್ನನ್ನು ನಿರೀಕ್ಷಿಸಿದಾಗ ಏಳುವೆನು, ಶಾಸ್ತೃವು ಕರೆದಾಗ ಏಳುವೆನು, ತನ್ನ ಆಯುಸ್ಸು ಅಷ್ಟು ಕಾಲ ಉಳಿದಿದೆಯೇ? ಚಿತ್ತವೇ ಇಲ್ಲದವನು ಕರೆಯನ್ನು ಕೇಳುವುದೆಂತು? ಕೇಳುವ ಕೆಲಸವನ್ನು ಅವನು ಚಿತ್ತವಿದ್ದಾಗಲೇ ಮುಗಿಸಿರುತ್ತಾನೆ.

ನಮ್ಮ ಯಂತ್ರದ ವ್ಯಾಧಿಯೂ ಈ ಜಾತಿಯದೇ. ಮಲಗುವ ಕ್ಷಣದಲ್ಲಿ ಆಪರೇಟಿಂಗ್ ಸಿಸ್ಟಮ್ಮು ಕಾರ್ಡಿಗೆ, ನಿನ್ನ ಹೆಸರು ಕೇಳಿಬಂದಲ್ಲಿ ನನ್ನನ್ನು ಎಬ್ಬಿಸು ಎಂದು ಹೇಳಿ ಮಲಗತಕ್ಕದ್ದು. ಅಪ್‌ಡೇಟು ಹಳೆಯ ಡ್ರೈವರನ್ನು ತೆಗೆದು ಹೊಸದನ್ನು ಹಾಕಿದಾಗ, ಎಬ್ಬಿಸುವುದಕ್ಕೆ ನಾವು ಕೊಟ್ಟಿದ್ದ ಅನುಮತಿಯ ಗುರುತು ಅಳಿಸಿಹೋಗಿತ್ತು. ಶೀಘ್ರಾರಂಭಕ್ಕಾಗಿ ಅರೆಮುಚ್ಚಿದ ಸ್ಥಿತಿಯಲ್ಲಿ ಮಲಗುವ ಪದ್ಧತಿಯಲ್ಲಿಯೂ ಈ ಅಪ್ಪಣೆ ತಪ್ಪಿಹೋಗುವುದುಂಟು. ಅನುಮತಿಯನ್ನು ಪುನಃ ಕೊಟ್ಟು, ಪೂರ್ಣವಾಗಿ ಮುಚ್ಚುವ ಕ್ರಮಕ್ಕೆ ತಂದ ಮೇಲೆ ಅದು ಮೊದಲಿನಂತೆ ಏಳತೊಡಗಿತು. ಕರೆ ಫಲಿಸುವುದು ಕೇಳುವ ಗಳಿಗೆಯಲ್ಲಲ್ಲ, ಮಲಗುವ ಗಳಿಗೆಯಲ್ಲಿ ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಭಿಕ್ಷುವಿನ ಸಂಕಲ್ಪ ಅವನದೇ, ಯಂತ್ರದ ಸಂಕಲ್ಪ ನಾವು ಬರೆದದ್ದು. ಪರರು ಬರೆದದ್ದನ್ನು ಪರರು ಅಳಿಸಬಲ್ಲರು.

ಆದರೆ ಅಜಾತಶತ್ರುವಿನ ಕೈ ಇನ್ನೂ ನನ್ನನ್ನು ಬಿಟ್ಟಿಲ್ಲ. ಆ ಮಲಗಿದ್ದವನು ಯಾವ ಸಂಕಲ್ಪವನ್ನೂ ಮಾಡಿರಲಿಲ್ಲ, ಆದರೂ ಎದ್ದನು. ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕಪಿಯ ಮರಿಯಂತೆ ಭಕ್ತನಿರಬೇಕೋ, ತಾಯಿ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯಂತಿದ್ದರೆ ಸಾಕೋ ಎಂದು ಶ್ರೀವೈಷ್ಣವ ಆಚಾರ್ಯರು ಬಹುಕಾಲ ವಾದಿಸಿದ್ದು ಇದನ್ನೇ. ದೂರದಿಂದ ಬರುವ ಕರೆಗೆ ಕೇಳುವವನ ಪೂರ್ವಸಮ್ಮತಿ ಬೇಕೆಂಬುದು ನಿಜವಾದರೂ, ಭಗವಂತನನ್ನು ಅಂತರ್ಯಾಮಿಯೆಂದು ನಂಬುವವರು ಅವನನ್ನು ದೂರದಲ್ಲಿ ನಿಂತು ಕರೆಯುವವನೆಂದು ಎಣಿಸುವುದು ಹೇಗೆ? ಒಳಗೇ ಇರುವವನು ಕೂಗುವುದೇಕೆ, ಅಲುಗಿಸಬಾರದೇಕೆ ಎಂಬ ಪ್ರಶ್ನೆಯನ್ನು ದ್ವೈತಾದ್ವೈತಗಳ ಪಂಡಿತರು ನನಗೆ ಬಿಡಿಸಿ ಹೇಳಬೇಕು.