ಬಂದೂಕು ಹಿಡಿದ ಮಗು ಯಾರ ಹೊಣೆ?

ಯುದ್ಧಭೂಮಿಯಲ್ಲಿ ಹದಿನೈದರ ಹುಡುಗನೊಬ್ಬ ಸೆರೆಸಿಕ್ಕಿದ್ದಾನೆ. ಅವನು ಆಯುಧ ಹಿಡಿದಿದ್ದನೆಂಬ ಆರೋಪವಿದೆ. ಅವನನ್ನು ಏನೆಂದು ಕರೆಯಬೇಕು, ಶತ್ರುವೆಂದೋ ಮಗುವೆಂದೋ? ಪ್ರಿಯ ಓದುಗರೇ, ಇದು ದೂರದ ದೇಶಗಳ ಸಂಗತಿಯೆಂದು ಪುಟ ಮಗುಚಬೇಡಿ. ನ್ಯಾಯದ ಬಗ್ಗೆ ನಾವಾಡುವ ಮಾತು ಎಷ್ಟು ಗಟ್ಟಿಯೆಂಬುದು ಇಂತಹ ಪ್ರಶ್ನೆಗಳ ಮುಂದೆಯೇ ತಿಳಿಯುತ್ತದೆ.

2002ರ ಜುಲೈಯಲ್ಲಿ ಅಫ್ಘಾನಿಸ್ತಾನದ ಖೋಸ್ತ್ ಬಳಿಯ ಹಳ್ಳಿಯೊಂದರಲ್ಲಿ ಅಮೆರಿಕದ ಸೈನಿಕರಿಗೂ ಒಂದು ಮನೆಯಲ್ಲಿದ್ದ ಹೋರಾಟಗಾರರಿಗೂ ಕಾಳಗ ನಡೆಯಿತು. ಗ್ರೆನೇಡ್ ಸಿಡಿದು ಗಾಯಗೊಂಡ ಸಾರ್ಜೆಂಟ್ ಕ್ರಿಸ್ಟೋಫರ್ ಸ್ಪೀರ್ ಬಳಿಕ ತೀರಿಕೊಂಡರು. ಅವರಿಗೂ ಪತ್ನಿ ಇದ್ದರು, ಇಬ್ಬರು ಪುಟ್ಟ ಮಕ್ಕಳಿದ್ದರು. ಬಾಂಬಿಗೆ ಕುಸಿದ ಆ ಮನೆಯ ಅವಶೇಷಗಳ ನಡುವೆ ಉಮರ್ ಖದ್ರ್ ಎಂಬ ಹುಡುಗ ಜೀವಂತವಾಗಿ ಸಿಕ್ಕಿದ. ಹುಟ್ಟಿದ್ದು ಕೆನಡಾದಲ್ಲಿ, ವಯಸ್ಸು 15. ಬೆನ್ನಿಗೆ ಎರಡು ಗುಂಡು ತಗಲಿತ್ತು, ಒಂದು ಕಣ್ಣು ಹೋಗಿತ್ತು. ಮೊದಲು ಬಗ್ರಾಮ್‌ನ ಸೇನಾ ಸೆರೆಮನೆ, ಅಕ್ಟೋಬರ್‌ನಲ್ಲಿ ಕ್ಯೂಬಾ ದ್ವೀಪದಲ್ಲಿರುವ ಗ್ವಾಂಟನಾಮೊ. ನಮ್ಮ ಮನೆಗಳಲ್ಲಿ ಅದು ಎಸೆಸೆಲ್ಸಿ ಪರೀಕ್ಷೆಗೆ ಓದುವ ವಯಸ್ಸು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಬೂಲಿನಲ್ಲಿ ಮುಹಮ್ಮದ್ ಜವಾದ್ ಎಂಬ ಇನ್ನೊಬ್ಬ ಹುಡುಗನನ್ನು ಹಿಡಿಯಲಾಯಿತು. ಅಮೆರಿಕನ್ ಸೈನಿಕರ ವಾಹನದ ಮೇಲೆ ಗ್ರೆನೇಡ್ ಎಸೆದನೆಂಬುದು ಅವನ ಮೇಲಿನ ಆರೋಪ. ಹನ್ನೆರಡು ವರ್ಷವೆಂದು ಮನೆಯವರೆಂದರು, ಅದಕ್ಕಿಂತ ಹೆಚ್ಚೆಂದು ಸೇನೆ ಹೇಳಿತು. 2004ರ ಮೇ ತಿಂಗಳಲ್ಲಿ 14 ದಿನಗಳೊಳಗೆ ಅವನನ್ನು 112 ಬಾರಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಲಾಯಿತು. ಕಣ್ಣು ಮುಚ್ಚುವಷ್ಟರಲ್ಲಿ ಎಬ್ಬಿಸುವುದು, ಸಂಕೋಲೆ ತೊಡಿಸುವುದು, ನಡೆಸುವುದು. ನಿದ್ದೆ ಕೊಡದಿರುವುದೇ ಅದರ ಉದ್ದೇಶವಾಗಿತ್ತು.

ಮಕ್ಕಳನ್ನು ಬೇರೆ ರೀತಿ ನೋಡಿಕೊಳ್ಳಬೇಕೆಂಬುದು ಆ ಸೇನೆಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದೇ ಗ್ವಾಂಟನಾಮೊದಲ್ಲಿ ಇನ್ನೂ ಚಿಕ್ಕ ವಯಸ್ಸಿನ ಮೂವರು ಅಫ್ಘಾನ್ ಹುಡುಗರನ್ನು ಕ್ಯಾಂಪ್ ಇಗ್ವಾನಾ ಎಂಬ ಬೇರೆ ಜಾಗದಲ್ಲಿರಿಸಿ, ಪಾಠ ಹೇಳಿಸಿ, 2004ರ ಜನವರಿಯಲ್ಲಿ ಬಿಡುಗಡೆ ಮಾಡಲಾಯಿತು. ಖದ್ರ್ ಮತ್ತು ಜವಾದ್‌ರನ್ನು ಮಾತ್ರ ದೊಡ್ಡವರ ಸಾಲಿಗೆ ಸೇರಿಸಲಾಯಿತು.

ಇಲ್ಲಿಯವರೆಗೆ ಓದಿದವರ ಮನಸ್ಸು ಕುದಿಯುವುದು ಸಹಜ. ಆದರೆ ಸಿಟ್ಟು ಬಂದ ಮಾತ್ರಕ್ಕೆ ನ್ಯಾಯ ತಿಳಿದಂತಾಗುವುದಿಲ್ಲ. ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಕೆನಡಾದಲ್ಲಿ ಹುಟ್ಟಿದ ಹುಡುಗ ಖೋಸ್ತ್‌ನ ಆ ಮನೆಗೆ ತಲುಪಿದ್ದು ಹೇಗೆ? ಅವನ ತಂದೆಯೇ ಕುಟುಂಬವನ್ನು ಅಫ್ಘಾನಿಸ್ತಾನಕ್ಕೆ ಕರೆದೊಯ್ದಿದ್ದರು. ತಂದೆಯೇ ಮಗನನ್ನು ದುಭಾಷಿಯ ಕೆಲಸಕ್ಕೆಂದು ಹೋರಾಟಗಾರರ ಜೊತೆ ಕಳುಹಿಸಿದ್ದರು. ಸೆರೆಮನೆಯ ಬಾಗಿಲು ತೆರೆಯುವ ಮೊದಲೇ ಆ ಬಾಲ್ಯವನ್ನು ಮನೆಯವರೇ ಕಿತ್ತುಕೊಂಡಿದ್ದರು.

ಇವನು ಮಗುವಲ್ಲ, ಗಂಡಸು ಎಂದು ಆಯುಧ ಕೊಡುವವನೂ ಹೇಳುತ್ತಾನೆ, ಸಂಕೋಲೆ ತೊಡಿಸುವವನೂ ಹೇಳುತ್ತಾನೆ. ಇಬ್ಬರೂ ಪರಸ್ಪರ ವೈರಿಗಳು. ಮಗುವಿನ ವಿಷಯದಲ್ಲಿ ಮಾತ್ರ ಇಬ್ಬರ ಮಾತೂ ಒಂದೇ.

‘ಇಸ್ಲಾಮಿನಲ್ಲಿ ಹದಿನೈದಕ್ಕೆ ಹುಡುಗ ಪ್ರಾಯಕ್ಕೆ ಬಂದಂತಲ್ಲವೇ? ಹಾಗಿದ್ದರೆ ಅವನು ಹೊಣೆಗಾರನಲ್ಲವೇ?’ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉಹುದ್ ಯುದ್ಧಕ್ಕೆ ಹೊರಟು ನಿಂತ ಹದಿನಾಲ್ಕರ ಇಬ್ನು ಉಮರ್(ರ)ರನ್ನು ಪ್ರವಾದಿ(ಸ)ಯವರು ಹಿಂದಕ್ಕೆ ಕಳುಹಿಸಿದರು. ಹದಿನೈದಾದಾಗ ಖಂದಕ್‌ನಲ್ಲಿ ಅನುಮತಿ ನೀಡಿದರು. ಈ ಘಟನೆಯಿಂದ ನಾವು ಕಲಿಯಬೇಕಾದುದು ಸಂಖ್ಯೆಯೊಂದನ್ನೇ ಅಲ್ಲ. ಪಡೆಗೆ ಜನ ಬೇಕಾಗಿದ್ದ ಕಾಲ ಅದು, ಬಂದವನು ಉತ್ಸಾಹದಿಂದ ತಾನಾಗಿಯೇ ಬಂದಿದ್ದ. ಹಾಗಿದ್ದೂ ಅವನ ವಯಸ್ಸು ವಿಚಾರಿಸಿ ಮನೆಗೆ ಕಳುಹಿಸುವ ಹೊಣೆಯನ್ನು ನಾಯಕರು ಹೊತ್ತರು. ಇಂದು ಮಕ್ಕಳನ್ನು ಮುಂದಿಡುವ ಯಾವ ಗುಂಪಿನ ನಾಯಕ ಹಾಗೆ ವಿಚಾರಿಸುತ್ತಾನೆ?

ದೇಹ ಬೆಳೆಯುವುದು ಬೇರೆ, ವಿವೇಕ ಬೆಳೆಯುವುದು ಬೇರೆ. ಅನಾಥರ ಆಸ್ತಿಯ ವಿಷಯದಲ್ಲಿ ಪವಿತ್ರ ಕುರ್‌ಆನ್ ಈ ಭೇದವನ್ನು ಸ್ಪಷ್ಟವಾಗಿ ಮಾಡಿದೆ. ಪ್ರಾಯಕ್ಕೆ ಬಂದರೆ ಸಾಲದು, ವಿವೇಕ ಕಂಡುಬಂದ ಮೇಲೆಯೇ ಆಸ್ತಿಯನ್ನು ಅವರ ಕೈಗೆ ಒಪ್ಪಿಸಬೇಕು. ಹಾಗಾದರೆ ನಾಲ್ಕು ಎಕರೆ ತೋಟವನ್ನು ಒಪ್ಪಿಸಲು ನಾವು ಹಿಂಜರಿಯುವ ಕೈಗೆ ಗ್ರೆನೇಡ್ ಒಪ್ಪಿಸುವುದು ಯಾವ ಧರ್ಮ? ಇನ್ನು, ಅವನನ್ನು ಹೊಣೆಗಾರನೆಂದೇ ಒಪ್ಪಿದರೂ ಹೊಣೆಗಾರನಿಗೆ ಸಿಗಬೇಕಾದುದು ವಿಚಾರಣೆಯೇ ಹೊರತು ಹಿಂಸೆಯಲ್ಲ. ಸಂಶಯವು ಸಾಕ್ಷ್ಯವಲ್ಲ. ಹೆದರಿಸಿ ಹೇಳಿಸಿದ್ದು ತಪ್ಪೊಪ್ಪಿಗೆಯಲ್ಲ.

ಜವಾದ್ ಪ್ರಕರಣದಲ್ಲಿ ಈ ಮಾತನ್ನು ಎತ್ತಿಹಿಡಿದವರು ಯಾರೆಂದು ನೋಡಿ. ಅವನ ವಿರುದ್ಧ ವಾದಿಸಬೇಕಾಗಿದ್ದ ಸೇನಾ ಅಭಿಯೋಜಕ ಲೆಫ್ಟಿನೆಂಟ್ ಕರ್ನಲ್ ಡ್ಯಾರೆಲ್ ವ್ಯಾಂಡೆವೆಲ್ಡ್. ದೈವಭಕ್ತ ಕ್ರೈಸ್ತ. ಕಡತಗಳನ್ನು ಓದುತ್ತಾ ಹೋದಂತೆ ಅವರ ಮನಸ್ಸಾಕ್ಷಿ ಒಪ್ಪಲಿಲ್ಲ. 2008ರಲ್ಲಿ ಅವರು ಆ ಕೆಲಸದಿಂದ ಹಿಂದೆ ಸರಿದರು, ಹುಡುಗನ ಪರವಾಗಿಯೇ ಸಾಕ್ಷ್ಯ ನುಡಿದರು. ಅವನನ್ನೂ ಅವನ ಕುಟುಂಬವನ್ನೂ ಕೊಲ್ಲುವುದಾಗಿ ಬೆದರಿಸಿ ಪಡೆದ ತಪ್ಪೊಪ್ಪಿಗೆಯನ್ನು ಸೇನಾ ನ್ಯಾಯಾಧೀಶರೇ ತಳ್ಳಿಹಾಕಿದರು. 2009ರ ಜುಲೈಯಲ್ಲಿ ಅಮೆರಿಕದ ನ್ಯಾಯಾಲಯ ಬಿಡುಗಡೆಗೆ ಆದೇಶಿಸಿತು, ಆಗಸ್ಟ್‌ನಲ್ಲಿ ಅವನು ಊರು ಸೇರಿದ. ತನ್ನವರ ತಪ್ಪನ್ನು ತಪ್ಪೆನ್ನುವ ಧೈರ್ಯ ಎದುರು ಪಾಳೆಯದಲ್ಲೂ ಇರುತ್ತದೆಂಬುದನ್ನು ನಾವು ಮರೆಯಬಾರದು.

ಖದ್ರ್‌ನ ದಾರಿ ಇನ್ನೂ ಉದ್ದವಾಗಿತ್ತು. 2010ರಲ್ಲಿ ಅವನು ಸೇನಾ ಆಯೋಗದ ಮುಂದೆ ತಪ್ಪೊಪ್ಪಿಕೊಂಡ. ಅಲ್ಲಿಂದ ಹೊರಬರಲು ಬೇರೆ ದಾರಿಯಿರಲಿಲ್ಲವೆಂದು ನಂತರ ಹೇಳಿದ. 2012ರಲ್ಲಿ ಕೆನಡಾಕ್ಕೆ ಕಳುಹಿಸಲಾಯಿತು, 2015ರಲ್ಲಿ ಜಾಮೀನು ಸಿಕ್ಕಿತು. ತನ್ನ ಅಧಿಕಾರಿಗಳು ಸೆರೆಮನೆಗೇ ಹೋಗಿ ಆ ಹುಡುಗನನ್ನು ಪ್ರಶ್ನಿಸಿದ್ದರೆಂಬ ಕಾರಣಕ್ಕೆ ಕೆನಡಾದ ಸುಪ್ರೀಂ ಕೋರ್ಟ್ ಸರಕಾರವನ್ನು ಆಕ್ಷೇಪಿಸಿತ್ತು. 2017ರಲ್ಲಿ ಸರಕಾರ ಅವನ ಕ್ಷಮೆ ಕೇಳಿ ಪರಿಹಾರ ನೀಡಿತು. ಹದಿನೈದಕ್ಕೆ ಒಳಹೋದವನಿಗೆ ಆಗ ಮೂವತ್ತು ವರ್ಷ. ಕಳೆದ ಯೌವನವನ್ನು ಯಾವ ಖಜಾನೆಯಿಂದ ತುಂಬಿಕೊಡಲು ಸಾಧ್ಯ?

ಈಗ ನಮ್ಮನ್ನೇ ಪರೀಕ್ಷಿಸಿಕೊಳ್ಳುವ ಮಾತು. ಗ್ವಾಂಟನಾಮೊ ಎಂದೊಡನೆ ನಾವು ಕಣ್ಣೀರಿಡುತ್ತೇವೆ. ಆದರೆ ಇರಾಕ್, ಸಿರಿಯಾಗಳಲ್ಲಿ ಐಸಿಸ್ ಎಂಬ ಗುಂಪು ಯಝೀದಿ ಹುಡುಗರನ್ನು ತಾಯಂದಿರಿಂದ ಕಿತ್ತುಕೊಂಡಿತು. ಮುಸ್ಲಿಮರ ಮಕ್ಕಳನ್ನೂ ಅವರನ್ನೂ ‘ಖಿಲಾಫತ್ತಿನ ಮರಿಗಳು’ ಎಂದು ಕರೆದು ಕೊಲ್ಲುವುದನ್ನು ಕಲಿಸಿತು. ಆಗ ನಮ್ಮ ಧ್ವನಿ ಅಷ್ಟೇ ಎತ್ತರದಲ್ಲಿತ್ತೇ? ಆ ಗುಂಪು ಸೋತ ಮೇಲೆ ನೂರಾರು ಹುಡುಗರು ಸಿರಿಯಾದ ಹಸಕಾ ನಗರದ ಸೆರೆಮನೆಗೆ ಬಿದ್ದರು. 2022ರ ಜನವರಿಯಲ್ಲಿ ಐಸಿಸ್ ಅದರ ಮೇಲೆ ದಾಳಿ ಮಾಡಿದಾಗ ಆ ಮಕ್ಕಳು ಎರಡು ಕಡೆಯ ಗುಂಡುಗಳ ನಡುವೆ ಸಿಕ್ಕಿಬಿದ್ದರು. ಹಲವು ದೇಶಗಳು ತಮ್ಮವರನ್ನು ಮರಳಿ ಕರೆಸಿಕೊಳ್ಳಲೂ ಹಿಂಜರಿದವು.

ಯುದ್ಧಕ್ಕೆ ಬಳಸಲ್ಪಟ್ಟ ಮಕ್ಕಳನ್ನು ಮೊದಲು ಅನ್ಯಾಯಕ್ಕೊಳಗಾದವರೆಂದೇ ಕಾಣಬೇಕೆಂದು 2007ರ ಪ್ಯಾರಿಸ್ ತತ್ವಗಳು ಹೇಳುತ್ತವೆ. ಬದ್ರ್ ಯುದ್ಧದ ಬಳಿಕ ಓದುಬರಹ ಬಲ್ಲ ಕೈದಿಗಳು ಮದೀನದ ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಹೊಂದಿದರೆಂದು ಚರಿತ್ರೆಯಲ್ಲಿ ವರದಿಯಾಗಿದೆ. ಅಂದು ಶತ್ರು ಸೆರೆಯಾದಾಗಲೂ ಮಕ್ಕಳಿಗೆ ಪಾಠ ಸಿಕ್ಕಿತು. ಇಂದು ಮಕ್ಕಳೇ ಸೆರೆಯಾಳುಗಳು.

ಆದ್ದರಿಂದ, ಮಾತಾಪಿತರೇ, ಮನೆಯಲ್ಲಿ ಯುದ್ಧದ ಸುದ್ದಿ ಮಾತಿಗೆ ಬಂದಾಗ ಮಕ್ಕಳ ಮುಂದೆ ಯಾರನ್ನು ವೀರನೆಂದು ಹೊಗಳುತ್ತೇವೆಂದು ಎಚ್ಚರವಿರಲಿ. ಸೆರೆಸಿಕ್ಕ ಮಗುವಿನ ಹೆಸರು, ಧರ್ಮ, ಪಕ್ಷ ಕೇಳುವ ಮೊದಲು ಅವನ ವಯಸ್ಸನ್ನು ಕೇಳೋಣ. ಅವನನ್ನು ಅಲ್ಲಿಗೆ ಕಳುಹಿಸಿದವರು ಯಾರೆಂದೂ ಕೇಳೋಣ, ಕಳುಹಿಸಿದವರು ನಮ್ಮವರೇ ಆಗಿದ್ದರೂ ಸರಿ. ನಮ್ಮವರ ವಿರುದ್ಧವಾದರೂ ನ್ಯಾಯದ ಪರ ನಿಲ್ಲುವ ಬಲವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ.